ಏರಿಯ ಮೇಲೆ ಹಳೆಯ ಮೋಟಾರುಗಳು

ರೂಢಿಯಲ್ಲಿ ಹಾಲೆಂಡ್ ಎಂದು ನಾವು ಕರೆಯುವ ನೆದರ್ಲೆಂಡ್ಸಿನಲ್ಲಿ ಹಳೆಯ ಮೋಟಾರುಗಳ ಸಂಘದವರು ವಸಂತಕಾಲದಲ್ಲಿ ಒಟ್ಟಾಗಿ ಸಂಚಾರ ಹೊರಟರೆಂದರೆ, ಚಾಲಕನ ಪಕ್ಕದಲ್ಲಿ ಕುಳಿತವರ ತೊಡೆಯ ಮೇಲೆ ಒಂದು ಪುಸ್ತಕವಿರುವುದುಂಟು. ಅದು ಭೂಪಟವಲ್ಲ. ಪುಟದ ತುಂಬ ಸಣ್ಣ ಸಣ್ಣ ಚೌಕಗಳು. ಒಂದೊಂದರಲ್ಲಿ ಒಂದು ಕೂಡುರಸ್ತೆಯ ಗೆರೆಚಿತ್ರ. ಚುಕ್ಕೆಯಿರುವ ಕಡೆಯಿಂದ ಬರಬೇಕು, ಬಾಣದ ಮೊನೆಯ ಕಡೆಗೆ ಹೋಗಬೇಕು. ಪಕ್ಕದಲ್ಲಿ ಇಷ್ಟು ಕಿಲೋಮೀಟರು ಎಂಬ ಲೆಕ್ಕ. ಅಷ್ಟೇ. ಭಾಷೆ ತಿಳಿಯದ ಪರದೇಶಿಯೂ ಇದನ್ನು ಓದಬಲ್ಲ. ಈ ಚಿತ್ರಲಿಪಿಗೆ ಮೋಟಾರು ಪ್ರಪಂಚದಲ್ಲೆಲ್ಲ ‘ಟ್ಯೂಲಿಪ್’ ಎಂದೇ ಹೆಸರು. 1949ರಲ್ಲಿ ಆರಂಭವಾದ ಹಾಲೆಂಡಿನ ಟ್ಯೂಲಿಪ್ ರ‍್ಯಾಲಿಯಿಂದ ಬಂದ ಹೆಸರು ಅದು. ಮರಳುಗಾಡಿನ ಡಕಾರ್ ರ‍್ಯಾಲಿಯವರು ನಂಬಿ ನಡೆದದ್ದೂ ಇಂಥ ಚಿತ್ರಗಳನ್ನೇ. ಮೋಟಾರು ಕಟ್ಟುವ ದೇಶಗಳ ಪಂಕ್ತಿಯಲ್ಲಿ ಹಾಲೆಂಡಿಗೆ ಮೊದಲ ಎಲೆಯಿಲ್ಲ. ದಾರಿ ತೋರಿಸುವ ವಿದ್ಯೆಯಲ್ಲಿ ಮಾತ್ರ ಅದರ ಹಿರಿತನವನ್ನು ಒಪ್ಪಬೇಕು.

ಆ ನೆಲದ ರಚನೆಯೇ ಅಂಥದು. ಆಮ್‌ಸ್ಟರ್‌ಡಾಮಿನ ಉತ್ತರಕ್ಕಿರುವ ಬೇಮ್‌ಸ್ಟರ್ ಒಂದು ಕಾಲಕ್ಕೆ ಸರೋವರ. ಸುತ್ತಲೂ ಏರಿ ಹಾಕಿ, ಗಾಳಿಯಂತ್ರಗಳಿಂದ ನೀರೆತ್ತಿ, 1612ರಲ್ಲಿ ಅದನ್ನು ಹೊಲ ಮಾಡಿದರು. ಅಲ್ಲಿನ ರಸ್ತೆಗಳು ಚದುರಂಗದ ಮಣೆಯ ಗೆರೆಗಳಂತೆ ನೇರ. ಹೊಳೆಯ ದಡದ ರಸ್ತೆಗಳ ಸ್ವಭಾವವೇ ಬೇರೆ. ಅವು ಏರಿಯ ನೆತ್ತಿಯ ಮೇಲೆ ಹೊಳೆ ಹೊರಳಿದಂತೆಲ್ಲ ಹೊರಳುತ್ತವೆ. ನಮ್ಮ ಕೆರೆಯ ಏರಿಯ ಮೇಲೆ ಬಂಡಿ ಹೊಡೆದವರಿಗೆ ಈ ದಾರಿಯ ಇಕ್ಕಟ್ಟು ಅರ್ಥವಾದೀತು. ಒಂದು ಪಕ್ಕದಲ್ಲಿ ನೀರು. ಇನ್ನೊಂದು ಪಕ್ಕ ತಗ್ಗಿನಲ್ಲಿ ಮನೆಗಳು, ಸೇಬಿನ ತೋಟಗಳು. ವೇಗಕ್ಕೆ ಇಲ್ಲಿ ಎಡೆಯಿಲ್ಲ. ಸೈಕಲ್ಲಿನವರಿಗೂ ದಾರಿ ಬಿಡಬೇಕು. ಬಿಡುವುದು ನ್ಯಾಯವೂ ಹೌದು. ಇಂದು ಆ ದೇಶದ ವಾಹನಸ್ಥರ ದೊಡ್ಡ ಸಂಸ್ಥೆಯಾಗಿರುವ ಎ.ಎನ್.ಡಬ್ಲ್ಯೂ.ಬಿ. 1883ರಲ್ಲಿ ಹುಟ್ಟಿದ್ದು ಸೈಕಲ್ ಸವಾರರ ಕೂಟವಾಗಿ. 1894ರಿಂದಲೇ ಅದು ಕೈಕಂಬಗಳನ್ನು ನೆಡತೊಡಗಿತ್ತು. ದೇಶಕ್ಕೆ ಮೊದಲ ಮೋಟಾರು ಬಂದದ್ದು 1896ರಲ್ಲಿ.

ಹಾಗೆಂದು ಡಚ್ಚರು ಮೋಟಾರು ಕಟ್ಟಲೇ ಇಲ್ಲವೆನ್ನಲಾಗದು. ಸ್ಪೈಕರ್ ಸಹೋದರರು ಮೂಲತಃ ಸಾರೋಟಿನ ಕೆಲಸದವರು. ಆಮ್‌ಸ್ಟರ್‌ಡಾಮಿನ ನಾಗರಿಕರು ರಾಣಿ ವಿಲ್ಹೆಲ್ಮಿನಾಳಿಗೆ 1898ರಲ್ಲಿ ಒಪ್ಪಿಸಿದ ಚಿನ್ನದ ಸಾರೋಟು ಅವರದೇ ಕೈಕೆಲಸ. 1903ರಲ್ಲಿ ಅವರು ಹೊರತಂದ ಅರುವತ್ತು ಅಶ್ವಶಕ್ತಿಯ ಕಾರಿನಲ್ಲಿ ಆರು ಸಿಲಿಂಡರುಗಳಿದ್ದವು. ಎಂಜಿನ್ನಿನ ಶಕ್ತಿ ನಾಲ್ಕು ಚಕ್ರಗಳಿಗೂ ಹೋಗುತ್ತಿತ್ತು, ನಾಲ್ಕಕ್ಕೂ ಬ್ರೇಕ್ ಇತ್ತು. ಕಾಲಕ್ಕಿಂತ ಬಹಳ ಮುಂದಿದ್ದ ಯಂತ್ರ. ಆದರೆ 1907ರ ಫೆಬ್ರವರಿಯಲ್ಲಿ ಇಂಗ್ಲೆಂಡಿನಿಂದ ಬರುತ್ತಿದ್ದ ‘ಬರ್ಲಿನ್’ ಎಂಬ ಹಡಗು ಹುಕ್ ಆಫ್ ಹಾಲೆಂಡಿನ ಬಾಯಲ್ಲೇ ಒಡೆದಾಗ, ಸಹೋದರರಲ್ಲಿ ಒಬ್ಬನಾದ ಹೆಂಡ್ರಿಕ್ ಯಾನ್ ಸ್ಪೈಕರ್ ಮುಳುಗಿಹೋದ. ಅದೇ ವರ್ಷ ಪೀಕಿಂಗಿನಿಂದ ಪ್ಯಾರಿಸಿಗೆ ಹೊರಟ ಐದು ವಾಹನಗಳಲ್ಲಿ ಒಂದು ಸ್ಪೈಕರ್. ಕೈಯಲ್ಲಿ ಕಾಸಿಲ್ಲದೆ ಅದನ್ನು ನಡೆಸಿಕೊಂಡು ಬಂದ ಷಾರ್ಲ್ ಗೊದಾರ್ ಹಣದ ತಕರಾರಿನಲ್ಲಿ ದಾರಿಯಲ್ಲೇ ಸೆರೆಯಾದ. ಗಾಡಿಯನ್ನು ಬೇರೊಬ್ಬನು ಪ್ಯಾರಿಸ್ ಮುಟ್ಟಿಸಬೇಕಾಯಿತು. 1920ರ ದಶಕ ಮುಗಿಯುವ ಮೊದಲೇ ಕಂಪನಿ ಬಾಗಿಲು ಮುಚ್ಚಿತು.

ಆಮೇಲೆ ಬಂದದ್ದು ಐಂಡ್‌ಹೋವನ್ನಿನ ಡಾಫ್. 1958ರಲ್ಲಿ ಅವರು ಪ್ರದರ್ಶಿಸಿದ ಪುಟ್ಟ ಕಾರಿನಲ್ಲಿ ಗೇರು ಬದಲಾಯಿಸುವ ಪ್ರಮೇಯವೇ ಇರಲಿಲ್ಲ; ರಬ್ಬರ್ ಪಟ್ಟಿ ಮತ್ತು ರಾಟೆಗಳೇ ಆ ಕೆಲಸ ನೋಡಿಕೊಳ್ಳುತ್ತಿದ್ದವು. ನಮ್ಮ ಊರುಗಳ ಗೇರಿಲ್ಲದ ಸ್ಕೂಟರುಗಳಲ್ಲಿರುವುದೂ ಅದೇ ತತ್ತ್ವ. 1975ರಲ್ಲಿ ಡಾಫ್ ಕಾರುಗಳ ವಿಭಾಗ ಸ್ವೀಡನ್ನಿನ ವೋಲ್ವೊ ಪಾಲಾಯಿತು.

ಹೀಗಾಗಿ ಸಂಘದ ಸಾಲಿನಲ್ಲಿ ಇಂಗ್ಲಿಷ್, ಜರ್ಮನ್, ಫ್ರೆಂಚ್ ಗಾಡಿಗಳ ನಡುವೆ ಒಂದು ಡಾಫ್ ಪಟಪಟನೆ ಬಂದಾಗ ನೋಡುಗರ ಮುಖ ಅರಳುವುದು ಸಹಜ. ಅರವತ್ತು ಅಶ್ವಶಕ್ತಿಯ ಆ ಸ್ಪೈಕರನ್ನು ನೋಡಬೇಕಾದರೆ ಹೇಗ್ ನಗರದ ಲೌಮನ್ ವಸ್ತುಸಂಗ್ರಹಾಲಯಕ್ಕೇ ಹೋಗಬೇಕು. ಸಂಗ್ರಹಾಲಯ ಬೇಕು, ನಿಜ. ಆದರೂ ನಿಂತ ಎಂಜಿನ್ನಿನಲ್ಲಿ ಎಣ್ಣೆ ಗಟ್ಟಿಯಾಗುತ್ತದೆ, ರಬ್ಬರು ಬಿರಿಯುತ್ತದೆ, ರಿಪೇರಿ ಬಲ್ಲ ಕೈಗಳೂ ಕಡಿಮೆಯಾಗುತ್ತವೆ. ಓಡುವ ಗಾಡಿಯೇ ಉಳಿಯುವ ಗಾಡಿ ಎನ್ನುವ ಸಂಘದವರ ಪಕ್ಷವೇ ನನಗೂ ಸರಿಯೆನಿಸುತ್ತದೆ.

ಆದರೆ ಎಷ್ಟು ವರ್ಷವಾದರೆ ಗಾಡಿ ‘ಹಳೆಯದು’? ಇದು ಬರಿಯ ತರ್ಕವಲ್ಲ, ದುಡ್ಡಿನ ಮಾತು. ಹಳೆಯ ವಾಹನಗಳಿಗಿದ್ದ ರಸ್ತೆ ತೆರಿಗೆಯ ವಿನಾಯಿತಿಯನ್ನು ಕಂಡು, ಮೋಟಾರಿನ ಮೇಲೆ ಯಾವ ಪ್ರೀತಿಯೂ ಇಲ್ಲದವರು ಅಗ್ಗದ ಹಳೆಯ ಡೀಸೆಲ್ ಕಾರುಗಳನ್ನು ಹೊರದೇಶಗಳಿಂದ ತರಿಸಿ ದಿನವೂ ಓಡಿಸತೊಡಗಿದರು. 2014ರಲ್ಲಿ ಸರ್ಕಾರ ಪೂರ್ಣ ವಿನಾಯಿತಿಯ ವಯಸ್ಸನ್ನು ನಲವತ್ತಕ್ಕೆ ಏರಿಸಿತು. ವರ್ಷಕ್ಕೆ ಹತ್ತು ಭಾನುವಾರ ಮಾತ್ರ ಗಾಡಿ ತೆಗೆಯುವವನೂ ಆ ಏಟಿನಲ್ಲಿ ಪೆಟ್ಟು ತಿಂದ.

ಸಂಚಾರವೇನೂ ನಿಲ್ಲಲಿಲ್ಲ. ಏರಿಯ ಮೇಲಿನ ಸಾಲಿಗೆ ಕೊನೆಯಲ್ಲಿ, ಹತ್ಯಾರು ತುಂಬಿಕೊಂಡು, ಕೆಟ್ಟು ನಿಂತವರನ್ನು ಎತ್ತಿಕೊಂಡು ಬರುವ ಒಂದು ಬಂಡಿಯಿರುತ್ತದೆ. ಡಚ್ಚರು ಅದನ್ನು ‘ಪೊರಕೆ ಬಂಡಿ’ ಎನ್ನುತ್ತಾರೆ. ಆ ಹೆಸರೂ ಸೈಕಲ್ ಪಂದ್ಯದವರಿಂದ ಎರವಲು ತಂದದ್ದೇ.