ನೋವಿನ ಪಂಪು ತಿಂದ ಭುಜ

ಚನ್ನಗಿರಿ ಅಡಿಕೆಯ ಸೀಮೆ. ಕೊಯ್ಲಿನ ದಿನಗಳಲ್ಲಿ ದೋಟಿ ಹಿಡಿದು ಕೈಯೆತ್ತಿ ನಿಲ್ಲುವವರಿಗೆ ಭುಜದ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಆ ಕೀಲಿನಲ್ಲಿ ಮೂಳೆಗೆ ಮೂಳೆ ತಾಗದಂತೆ ಕಾಯುವ ನುಣುಪು ಪದರವೇ ಮೃದ್ವಸ್ಥಿ. ಅದಕ್ಕೆ ರಕ್ತನಾಳವಿಲ್ಲ, ನರವೂ ಇಲ್ಲ. ಒಮ್ಮೆ ನಾಶವಾದರೆ ಅದು ಮರಳದೆಂದು ಲಂಡನ್ನಿನ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದ.

1918ರಲ್ಲಿ ಟೋಕಿಯೋದ ಕೆಂಜಿ ತಕಾಗಿ, ಮೂತ್ರಕೋಶ ನೋಡುವ ನಳಿಕೆಯಿಂದ ಶವವೊಂದರ ಮೊಣಕಾಲಿನೊಳಗೆ ಇಣುಕಿದ. ಅಲ್ಲಿಂದ ಬೆಳೆದ ಆರ್ತ್ರೋಸ್ಕೋಪಿ ಮುಂದೆ ಭುಜಕ್ಕೂ ಬಂತು. ಗಾಯ ಚಿಕ್ಕದಾಯಿತು, ನೋವು ಉಳಿಯಿತು. ಅದಕ್ಕೆ ಅಮೆರಿಕದಲ್ಲಿ ಒಂದು ಉಪಾಯ ಹೂಡಿದರು: ಕೀಲಿನೊಳಗೇ ಸಣ್ಣ ನಳಿಕೆ ಬಿಟ್ಟು, ಎರಡು ಮೂರು ದಿನ ಪಂಪಿನಿಂದ ಬ್ಯುಪಿವಕೇನ್‌ನಂಥ ಮರಗಟ್ಟಿಸುವ ಮದ್ದು ಹರಿಸುವುದು. ರೋಗಿ ಮನೆಯಲ್ಲೇ ಆರಾಮಾಗಿ ಮಲಗಬಹುದಿತ್ತು.

ಕೆಲವು ತಿಂಗಳಲ್ಲಿ ಅಂಥವರಲ್ಲಿ ಕೆಲವರು ಬಿಗಿದ ಭುಜ ಹೊತ್ತು ವಾಪಸು ಬಂದರು. ಎಕ್ಸರೇಯಲ್ಲಿ ಮೂಳೆಗಳ ನಡುವಿನ ಸಂದು ಕಿರಿದಾಗಿತ್ತು. ವೈದ್ಯರು ಇದನ್ನು ಕಾಂಡ್ರೋಲೈಸಿಸ್ ಎಂದರು. 2007ರಲ್ಲಿ ಪ್ರಕಟವಾದ ಒಂದು ಲೆಕ್ಕ ಸಣ್ಣದು, ಆದರೆ ಓದಿದರೆ ಮೈ ಜುಮ್ಮೆನ್ನುತ್ತದೆ: ಎಪಿನೆಫ್ರಿನ್ ಬೆರೆಸಿದ ಬ್ಯುಪಿವಕೇನ್ ಪಂಪಿನಿಂದ ಪಡೆದ 19 ಭುಜಗಳಲ್ಲಿ 12 ಹಾಳಾಗಿದ್ದವು. ಒಂದೇ ಸಲದ ಚುಚ್ಚುಮದ್ದು ದಶಕಗಳಿಂದ ಬಳಕೆಯಲ್ಲಿತ್ತು, ಅದರ ಮೇಲೆ ಇಂಥ ದೂರು ಬಂದಿರಲಿಲ್ಲ. ಮದ್ದು ದಿನಗಟ್ಟಲೆ ಹರಿಯುತ್ತಲೇ ಇದ್ದದ್ದೇ ತೊಂದರೆ ಎಂದು ನನಗೂ ತೋರುತ್ತದೆ.

2009ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 35 ಪ್ರಕರಣಗಳನ್ನು ಮುಂದಿಟ್ಟು, ಮದ್ದಿನ ಲೇಬಲ್ಲಿನಲ್ಲಿ ಎಚ್ಚರಿಕೆ ಸೇರಿಸಲು ಹೇಳಿತು. ಕೀಲಿನೊಳಗೆ ಹೀಗೆ ಸತತವಾಗಿ ಹರಿಸಲು ಆ ಮದ್ದುಗಳಿಗೆ ಅನುಮತಿಯೇ ಇರಲಿಲ್ಲ. ಆ ಹೊತ್ತಿಗೆ ಆ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಿತ್ತು, ಕೆಲವರಿಗೆ ಕೀಲನ್ನೇ ಬದಲಿಸಬೇಕಾಗಿತ್ತು.