ಜೇಬಿನ ಚಾಕು: ಉಕ್ಕು, ಮರ ಮತ್ತು ಕೈಬಳಕೆಯ ಚರಿತ್ರೆ

(ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಚರಿತ್ರೆಯೆಂದರೆ ರಾಜರ ವಂಶಾವಳಿ, ಯುದ್ಧ ಮತ್ತು ಒಪ್ಪಂದಗಳ ವೃತ್ತಾಂತ ಎಂಬ ಭಾವನೆ ನಮ್ಮಲ್ಲಿ ಬಹುಕಾಲ ಬೇರೂರಿತ್ತು. ಆದರೆ ಜನಸಾಮಾನ್ಯರ ಕೈಯಲ್ಲಿ ಸವೆದ ವಸ್ತುಗಳಿಗೂ ತಮ್ಮದೇ ಆದ ಚರಿತ್ರೆಯಿದೆ. ಇಂದು ನಾನು ಆರಿಸಿಕೊಂಡಿರುವುದು ಅಂತಹ ಒಂದು ಸಣ್ಣ ವಸ್ತುವನ್ನು: ಜೇಬಿನಲ್ಲಿಡುವ ಮಡಿಚುವ ಚಾಕು. ಅದರಲ್ಲಿಯೂ ಹಿಡಿಯಲ್ಲಿ ಅಪರೂಪದ ಮರವನ್ನು ಕೂರಿಸಿ ಮಾಡಿದ, ಸಂಗ್ರಾಹಕರು ಆಸೆಪಟ್ಟು ಕೊಳ್ಳುವ ಚಾಕು. ಅಂತಹ ಚಾಕುವನ್ನು ದಿನವೂ ಬಳಸಬೇಕೆ, ಪೆಟ್ಟಿಗೆಯಲ್ಲಿಟ್ಟು ಕಾಪಾಡಬೇಕೆ ಎಂಬುದು ಸಂಗ್ರಾಹಕರ ನಡುವೆ ಇನ್ನೂ ತೀರದ ವಾದ. ಆ ವಾದಕ್ಕೆ ಚರಿತ್ರೆ ಏನು ಹೇಳುತ್ತದೆ ಎಂಬುದನ್ನು ನೋಡೋಣ.

ಅಲಗನ್ನು ಹಿಡಿಯೊಳಕ್ಕೆ ಮಡಿಚುವ ಯೋಚನೆ ಬಹಳ ಹಳೆಯದು. ಆಸ್ಟ್ರಿಯ ದೇಶದ ಹಾಲ್‌ಸ್ಟಾಟ್‌ನಲ್ಲಿ ದೊರೆತ ಮೂಳೆಹಿಡಿಯ ಮಡಿಚುವ ಚಾಕು ಕ್ರಿಸ್ತಪೂರ್ವ 6ನೆಯ ಶತಮಾನದ ಆಸುಪಾಸಿನದು. ರೋಮನ್ನರ ಕಾಲದ ಮಡಿಚುವ ಚಾಕುಗಳೂ ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿವೆ. ಇದರ ಹಿಂದಿನ ಕಾರಣ ಸರಳ. ಒರೆಯಿಲ್ಲದೆ ಹರಿತವಾದ ಅಲಗನ್ನು ಮೈಮೇಲೆ ಇಟ್ಟುಕೊಳ್ಳುವುದು ಅಪಾಯ. ಹಿಡಿಯೇ ಒರೆಯಾದರೆ ಆ ಅಪಾಯವಿಲ್ಲ. ಹೀಗೆ ಮೊದಲಿನಿಂದಲೂ ಮಡಿಚುವ ಚಾಕು ಗೋಡೆಗೆ ತೂಗುಹಾಕುವ ವಸ್ತುವಾಗಿರಲಿಲ್ಲ. ಮನುಷ್ಯನ ಜೊತೆಯಲ್ಲಿ ನಡೆದಾಡುವ ವಸ್ತುವಾಗಿತ್ತು.

ಈ ಕಸುಬಿಗೆ ಹೆಸರಾದ ಊರುಗಳಲ್ಲಿ ಇಂಗ್ಲೆಂಡಿನ ಶೆಫೀಲ್ಡಿಗೆ ಹಿರಿಯ ಸ್ಥಾನವಿದೆ. 14ನೆಯ ಶತಮಾನದ ಕವಿ ಚಾಸರ್ ತನ್ನ ಕಥೆಯೊಂದರ ಗಿರಣಿಯವನ ಬಳಿ ಶೆಫೀಲ್ಡಿನ ಚಾಕುವೊಂದನ್ನು ಇರಿಸಿದ್ದಾನೆ. 1624ರಲ್ಲಿ ಪಾರ್ಲಿಮೆಂಟಿನ ಶಾಸನದ ಮೂಲಕ ಅಲ್ಲಿಯ ಚಾಕು ತಯಾರಕರ ಸಂಘ ಸ್ಥಾಪನೆಯಾಯಿತು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದ ಕಸುಬುದಾರ, ತನ್ನ ಗಡಿಯಾರದ ಸ್ಪ್ರಿಂಗಿಗೆ ತಕ್ಕ ಉಕ್ಕು ಸಿಗದೆ, ಮೂಸೆಯಲ್ಲಿ ಉಕ್ಕನ್ನು ಕರಗಿಸಿ ಶುದ್ಧಗೊಳಿಸುವ ವಿಧಾನವನ್ನು ರೂಢಿಗೆ ತಂದ. ಅದೇ ಉಕ್ಕು ಮುಂದೆ ಚಾಕುವಿನ ಅಲಗೂ ಆಯಿತು, ಅಲಗನ್ನು ಬೆನ್ನಿನಿಂದ ಒತ್ತಿ ಹಿಡಿಯುವ ಸ್ಪ್ರಿಂಗೂ ಆಯಿತು. ಒಳ್ಳೆಯ ಚಾಕುವನ್ನು ತೆರೆಯುವಾಗ ಅಲಗು ಎಡವದೆ ಸರಾಗವಾಗಿ ಚಲಿಸಬೇಕು, ಕೊನೆಗೆ ‘ಟಕ್’ ಎಂದು ಸದ್ದುಮಾಡಿ ನಿಲ್ಲಬೇಕು. ಕಸುಬುದಾರರು ಇವೆರಡನ್ನು ಚಾಕುವಿನ ನಡೆ ಮತ್ತು ನುಡಿ ಎಂದು ಕರೆಯುತ್ತಾರೆ. ನಡೆ ನುಡಿಗಳೆರಡೂ ಸರಿಯಾಗಿರಬೇಕೆಂಬ ನಿಯಮವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೂಸೆಯ ಉಕ್ಕೆಂದೊಡನೆ ನಮ್ಮ ನಾಡಿನ ಸಂಗತಿಯೊಂದನ್ನು ಇಲ್ಲಿ ನೆನೆಯಲೇಬೇಕು. ಹಂಟ್ಸ್‌ಮನ್‌ಗಿಂತ ಅನೇಕ ಶತಮಾನಗಳ ಮೊದಲೇ ದಕ್ಷಿಣ ಭಾರತದ ಕುಲುಮೆಗಳಲ್ಲಿ ಮಣ್ಣಿನ ಮೂಸೆಯಿಂದ ಉತ್ತಮ ಉಕ್ಕು ಹೊರಬರುತ್ತಿತ್ತು. ಯುರೋಪಿನಲ್ಲಿ ಇದು ‘ವೂಟ್ಜ್’ ಎಂದು ಹೆಸರಾಯಿತು. ಈ ಶಬ್ದ ನಮ್ಮ ‘ಉಕ್ಕು’ ಎಂಬುದರ ಅಪಭ್ರಂಶವೆಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. ಮುಂಬಯಿಯಿಂದ ಡಾ. ಹೆಲೆನಸ್ ಸ್ಕಾಟ್ ಕಳುಹಿಸಿದ ಉಕ್ಕಿನ ಮಾದರಿಗಳನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧವನ್ನೊಪ್ಪಿಸಿದರು. ಸೊಸೈಟಿಯ ಅಧ್ಯಕ್ಷರಾಗಿದ್ದ ಜೋಸೆಫ್ ಬ್ಯಾಂಕ್ಸ್ ಅವರ ಅಪೇಕ್ಷೆಯಂತೆ ಲಂಡನ್ನಿನ ಜೇಮ್ಸ್ ಸ್ಟೋಡಾರ್ಟ್ ಆ ಉಕ್ಕನ್ನು ಬಡಿದು ಮಾಡಿದ್ದು ಕತ್ತಿಯನ್ನಲ್ಲ, ಫಿರಂಗಿಯನ್ನೂ ಅಲ್ಲ; ಒಂದು ಪುಟ್ಟ ಪೆನ್ ಚಾಕುವನ್ನು! ಇದೇ ಸ್ಟೋಡಾರ್ಟ್ ಮುಂದೆ ಮೈಕೆಲ್ ಫ್ಯಾರಡೆಯೊಡನೆ ಸೇರಿ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗ ನಡೆಸಿ 1820ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಆ ಸುಮಾರಿನಲ್ಲೇ, 1800-01ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ಸಂಚರಿಸಿ ನಮ್ಮ ಹಳ್ಳಿಗಳಲ್ಲಿ ಉಕ್ಕು ತಯಾರಿಸುತ್ತಿದ್ದ ಕ್ರಮವನ್ನು ಬರೆದಿಟ್ಟರು.

ಪೆನ್ ಚಾಕು ಎಂಬ ಹೆಸರೇ ಅದರ ಕೆಲಸವನ್ನು ಹೇಳುತ್ತದೆ. ಹಕ್ಕಿಯ ಗರಿಯನ್ನು ಲೇಖನಿಯಾಗಿ ಬಳಸುತ್ತಿದ್ದ ಕಾಲದಲ್ಲಿ ಅದರ ತುದಿಯನ್ನು ಮತ್ತೆ ಮತ್ತೆ ಹೆರೆಯಬೇಕಾಗಿತ್ತು. ನಮ್ಮಲ್ಲಿಯೂ ಓಲೆಗರಿಯಲ್ಲಿ ಬರೆಯುವವರ ಬಳಿ ಕಂಟದೊಡನೆ ಗರಿಯನ್ನು ಓರಣಗೊಳಿಸಲು ಚಿಕ್ಕ ಚಾಕು ಇರುತ್ತಿತ್ತು. ಅಕ್ಷರಕ್ಕೂ ಅಲಗಿಗೂ ಇಂತಹ ನಂಟು.

ಈ ಚರಿತ್ರೆಗೆ ಕತ್ತಲೆಯ ಮುಖವೂ ಇದೆ. ಶೆಫೀಲ್ಡಿನಲ್ಲಿ ಸಾಣೆ ಹಿಡಿಯುವವರು ಕಲ್ಲಿನ ಮತ್ತು ಲೋಹದ ಧೂಳನ್ನು ದಿನವಿಡೀ ಉಸಿರಾಡಿ, ಶ್ವಾಸಕೋಶ ಕೆಟ್ಟು, ನಡುವಯಸ್ಸಿಗೆ ಮುನ್ನವೇ ಸಾಯುತ್ತಿದ್ದರು. ಫ್ರೆಡರಿಕ್ ಎಂಗೆಲ್ಸ್ 1845ರ ತನ್ನ ಗ್ರಂಥದಲ್ಲಿ ಇವರ ಪಾಡನ್ನು ವಿವರವಾಗಿ ದಾಖಲಿಸಿದ್ದಾನೆ. ಹೀಗಿರುವಾಗ ಹಳೆಯ ಚಾಕುವೊಂದರ ಹೊಳಪನ್ನು ಮೆಚ್ಚುವವರು ಆ ಹೊಳಪಿಗಾಗಿ ಯಾರು ಏನನ್ನು ತೆತ್ತರು ಎಂಬುದನ್ನು ಮರೆಯಬಾರದು.

ಅದೇ ಶೆಫೀಲ್ಡ್ 1851ರ ಲಂಡನ್ ಮಹಾಪ್ರದರ್ಶನಕ್ಕೆ ಕಳುಹಿಸಿದ್ದು ಜೋಸೆಫ್ ರಾಜರ್ಸ್ ಸಂಸ್ಥೆಯವರ ‘ನಾರ್ಫೋಕ್ ಚಾಕು’ವನ್ನು. ಇದಕ್ಕೆ 75 ಅಲಗು ಮತ್ತು ಉಪಕರಣಗಳು. ಮುತ್ತಿನ ಚಿಪ್ಪಿನ ಹಿಡಿಯ, ಕುಸುರಿ ಕೆಲಸ ತುಂಬಿದ ಈ ಅದ್ಭುತ ಇಂದಿಗೂ ಶೆಫೀಲ್ಡಿನಲ್ಲಿ ಪ್ರದರ್ಶನಕ್ಕಿದೆ. ಆದರೆ ಅದು ಯಾವ ಜೇಬಿಗೂ ಹಿಡಿಸದು; ಅದರಿಂದ ಒಂದು ಸೇಬನ್ನು ಹೆಚ್ಚುವುದೂ ಕಷ್ಟ. ಉಪಕರಣವೊಂದು ಕೆಲಸದಿಂದ ಬಿಡುಗಡೆ ಪಡೆದು ಬರಿಯ ದರ್ಶನಕ್ಕೆ ನಿಂತುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಇದಕ್ಕೆ ತದ್ವಿರುದ್ಧವಾದುದು ಫ್ರಾನ್ಸಿನ ರೈತರ ಚಾಕು. ಸವಾಯ್ ಪ್ರಾಂತದ ಜೋಸೆಫ್ ಓಪಿನೆಲ್ 1890ರಲ್ಲಿ ರೂಪಿಸಿದ ಚಾಕುವಿಗೆ ಸಾಧಾರಣ ಮರದ ದುಂಡು ಹಿಡಿ, ಒಂದೇ ಅಲಗು. 1955ರಲ್ಲಿ, ತೆರೆದ ಅಲಗು ಕೈಮೇಲೆ ಮಡಿಚಿಕೊಳ್ಳದಂತೆ ತಡೆಯುವ ಉಕ್ಕಿನ ಬಳೆಯೊಂದು ಇದಕ್ಕೆ ಸೇರಿತು. ಉಳಿದಂತೆ ರೂಪ ಹೆಚ್ಚು ಬದಲಾಗಲಿಲ್ಲ. ಲಾಗಿಯೋಲ್ ಎಂಬ ಊರಿನ ಚಾಕುಗಳಲ್ಲಿ ಹಿಡಿಯ ಮರಕ್ಕೆ ಸಣ್ಣ ಲೋಹದ ಮೊಳೆಗಳನ್ನು ಶಿಲುಬೆಯ ಆಕಾರದಲ್ಲಿ ಕೂರಿಸುವುದುಂಟು. ಬೆಟ್ಟದಲ್ಲಿ ಕುರಿ ಕಾಯುವವರು ಚಾಕುವನ್ನು ರೊಟ್ಟಿಗೆ ಚುಚ್ಚಿ ನಿಲ್ಲಿಸಿ, ಆ ಶಿಲುಬೆಯ ಮುಂದೆ ಪ್ರಾರ್ಥಿಸುತ್ತಿದ್ದರೆಂದು ಅಲ್ಲಿಯ ಐತಿಹ್ಯ. ಐತಿಹ್ಯ ನಿಜವೋ ಅಲ್ಲವೋ, ಅಲಂಕಾರಕ್ಕೂ ಬಳಕೆಗೂ ಅಲ್ಲಿ ಜಗಳವಿರಲಿಲ್ಲವೆಂಬುದು ಅದರಿಂದ ತಿಳಿಯುತ್ತದೆ.

ಈಗ ಅಮೆರಿಕಕ್ಕೆ ಬರೋಣ. ಮಾರ್ಕ್ ಟ್ವೇನ್ 1876ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ, ಬೈಬಲ್ ವಾಕ್ಯಗಳನ್ನು ಬಾಯಿಪಾಠ ಮಾಡಿದುದಕ್ಕೆ ಟಾಮ್ ಸಾಯರ್‌ಗೆ ಸಿಗುವ ಬಹುಮಾನ ಒಂದು ಬಾರ್ಲೋ ಚಾಕು. ಬೆಲೆ ಹನ್ನೆರಡೂವರೆ ಸೆಂಟು. ಹುಡುಗನ ಕೈಗೆ ಚಾಕು ಕೊಡುವುದೆಂದರೆ ಅವನ ಮೇಲೆ ಭರವಸೆಯಿಡುವುದು ಎಂದೇ ಆ ಸಮಾಜ ಭಾವಿಸಿತ್ತು. ಮುಂದೆ 1964ರಲ್ಲಿ ಬಕ್ ಸಂಸ್ಥೆಯ ‘110’ ಎಂಬ ಚಾಕು ಬಂದಿತು. ಹಿತ್ತಾಳೆಯ ಎರಡು ತುದಿಗಳ ನಡುವೆ ಮರದ ಪಟ್ಟಿ, ತೆರೆದಾಗ ಭದ್ರವಾಗಿ ಬೀಗ ಹಾಕಿಕೊಳ್ಳುವ ಅಲಗು. ಬೇಟೆಗಾರರು, ರೈತರು, ಲಾರಿ ಚಾಲಕರು ಇದನ್ನು ಸೊಂಟಕ್ಕೆ ಕಟ್ಟಿಕೊಂಡರು.

ನನ್ನ ವಿಷಯಕ್ಕೆ ಅತ್ಯಂತ ಹತ್ತಿರವಾದವರು ಕ್ರಿಸ್ ರೀವ್. ದಕ್ಷಿಣ ಆಫ್ರಿಕದ ಇವರು 1989ರಲ್ಲಿ ವಲಸೆ ಬಂದು ಐಡಹೋ ರಾಜ್ಯದ ಬಾಯ್ಸಿ ನಗರದಲ್ಲಿ ನೆಲೆಸಿದರು. 1990ರ ದಶಕದ ಆರಂಭದಲ್ಲಿ ಹೆಸರುಮಾಡಿದ ಅವರ ಮಡಿಚುವ ಚಾಕುವಿನ ಹಿಡಿ ಟೈಟೇನಿಯಂ ಲೋಹದ್ದು. ಹಿಡಿಯ ಒಂದು ಪಕ್ಕವನ್ನೇ ಸೀಳಿ ಸ್ಪ್ರಿಂಗಿನಂತೆ ಮಾಡಿ, ಅದೇ ಅಲಗಿಗೆ ಬೀಗವಾಗುವಂತೆ ರಚಿಸಿದರು. ಈ ಚಾಕುವಿಗೆ ಅವರಿಟ್ಟ ಹೆಸರು ‘ಸೆಬೆಂಜಾ’. ತಾವು ಬಿಟ್ಟುಬಂದ ನೆಲದ ಜುಲು ಭಾಷೆಯಲ್ಲಿ ಅದರ ಅರ್ಥ ‘ಕೆಲಸ’! ವಲಸೆ ಬಂದವನೊಬ್ಬ ಹೊಸ ನಾಡಿನಲ್ಲಿ ತನ್ನ ಕಸುಬಿಗೆ ಹಳೆಯ ನಾಡಿನ ಹೆಸರಿಟ್ಟುದರ ಮರ್ಮ ಈ ಸಭೆಗೆ ಸುಲಭವಾಗಿ ತಿಳಿದೀತು.

ಸೆಬೆಂಜಾ ಚಾಕುಗಳಲ್ಲಿ ಕೆಲವಕ್ಕೆ ಟೈಟೇನಿಯಂ ಹಿಡಿಯನ್ನು ಅಚ್ಚುಕಟ್ಟಾಗಿ ಕೊರೆದು, ಆ ಗುಳಿಯಲ್ಲಿ ಮರದ ತೆಳುಪಟ್ಟಿಯನ್ನು ಕೂರಿಸಿ, ಲೋಹದ ಮಟ್ಟಕ್ಕೆ ನಯಗೊಳಿಸುತ್ತಾರೆ. ನಮ್ಮ ಮೈಸೂರಿನ ಇನ್‌ಲೇ ಕೆಲಸದಲ್ಲಿ ಬೀಟೆಮರವೇ ನೆಲ. ಅದರೊಳಗೆ ಹಿಂದೆ ದಂತವನ್ನು, ದಂತದ ವ್ಯಾಪಾರ ನಿಷಿದ್ಧವಾದ ಮೇಲೆ ಬೇರೆ ಬಣ್ಣದ ಮರ ಮೊದಲಾದವನ್ನು ಕೂರಿಸುತ್ತಾರೆ. ಇಲ್ಲಿ ಅದು ತಿರುವುಮುರುವು: ಲೋಹವೇ ನೆಲ, ಮರವೇ ಚಿತ್ರ. ಆದರೆ ಕಷ್ಟ ಎರಡೂ ಕಡೆ ಒಂದೇ. ಗಾಳಿಯ ತೇವಕ್ಕೆ ಮರ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ. ಲೋಹ ತೇವವನ್ನು ಲೆಕ್ಕಿಸುವುದಿಲ್ಲ. ಆದುದರಿಂದ ಚೆನ್ನಾಗಿ ಹದಗೊಳಿಸಿದ ಮರ ಬೇಕು, ಕೆಲವೊಮ್ಮೆ ರಾಳವನ್ನು ತುಂಬಿಸಿ ಗಟ್ಟಿಮಾಡಿದ ಮರ ಬೇಕು. ಬಳಸುವವರೂ ಚಾಕುವನ್ನು ನೀರಿನಲ್ಲಿ ನೆನೆಹಾಕಬಾರದು. ಒರೆಸಿ ಒಣಗಿಸಿ ಇಡಬೇಕು. ಇಷ್ಟು ಎಚ್ಚರ ಸಾಕು, ಅದಕ್ಕಾಗಿ ಬಳಕೆಯನ್ನೇ ಬಿಡಬೇಕಾಗಿಲ್ಲ.

ಮರದ ಅಭಾವವೂ ಈ ಚಾಕುಗಳ ಬೆಲೆಯನ್ನು ಏರಿಸಿದೆ. ಬ್ರೆಜಿಲಿನ ಬೀಟೆಮರದ ಅಂತರರಾಷ್ಟ್ರೀಯ ವ್ಯಾಪಾರ 1992ರಲ್ಲಿ ನಿಷೇಧದ ಪಟ್ಟಿಗೆ ಸೇರಿತು. ಚಾಕುಹಿಡಿಗೆ ಪ್ರಿಯವಾದ ಮಧ್ಯ ಅಮೆರಿಕದ ಕೊಕೊಬೋಲೊ ಮರ 2013ರಲ್ಲಿ ನಿಯಂತ್ರಣಕ್ಕೆ ಒಳಗಾಯಿತು. 2017ರಿಂದ ನಮ್ಮ ಬೀಟೆಯೂ ಸೇರಿದಂತೆ ಆ ಇಡೀ ಕುಲಕ್ಕೆ ನಿಯಂತ್ರಣ ವ್ಯಾಪಿಸಿತು. ಮರ ಅಪರೂಪವಾದಷ್ಟೂ ಚಾಕು ಪೆಟ್ಟಿಗೆ ಸೇರುತ್ತದೆ. ಒಂದು ಗೀರೂ ಬೀಳದ, ಒಮ್ಮೆಯೂ ಸಾಣೆ ಕಾಣದ ಚಾಕುವಿಗೇ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ. ಶೆಫೀಲ್ಡಿನ ಕೊನೆಯ ತಲೆಮಾರಿನ ಹಿರಿಯ ಕಸುಬುದಾರ ಸ್ಟಾನ್ ಶಾ, ಹದಿಹರೆಯದಲ್ಲಿ ಕೆಲಸಕ್ಕೆ ಸೇರಿ 2021ರಲ್ಲಿ ತೀರಿಕೊಳ್ಳುವವರೆಗೆ ಆ ಕಸುಬಿಗೇ ಹೆಸರಾಗಿದ್ದವರು. ಅವರ ಚಾಕುಗಳಿಗಾಗಿ ಸಂಗ್ರಾಹಕರು ವರ್ಷಗಟ್ಟಲೆ ಕಾದರು.

ಸಂಗ್ರಾಹಕರನ್ನು ನಾನು ಹಳಿಯುತ್ತಿಲ್ಲ. ಅವರಿಲ್ಲದಿದ್ದರೆ ಎಷ್ಟೋ ಕಸುಬುಗಳು ಈ ವೇಳೆಗೆ ಕಣ್ಮರೆಯಾಗುತ್ತಿದ್ದವು. ಆದರೆ ಇತಿಹಾಸಕಾರನಿಗೆ ಬಳಸದ ಚಾಕು ತಯಾರಕನ ವಿಷಯವನ್ನು ಮಾತ್ರ ಹೇಳುತ್ತದೆ. ಬಳಸಿದ ಚಾಕುವಾದರೋ ಹಿಡಿದವನ ವಿಷಯವನ್ನೂ ಹೇಳುತ್ತದೆ. ಅಲಗು ಎಲ್ಲಿ ಸವೆದಿದೆ, ಹೆಬ್ಬೆರಳು ಮರದ ಮೇಲೆ ಎಲ್ಲಿ ಊರಿದೆ, ಕೈಯ ಎಣ್ಣೆಗೂ ಬೆಳಕಿಗೂ ಕೆಂಪು ಮರ ಎಷ್ಟು ಕಪ್ಪಾಗಿದೆ ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ. ಲೋಹದ ಮೇಲಿನ ಬಳಕೆ ಗೀರಾಗಿ ಉಳಿಯುತ್ತದೆ. ಮರದ ಮೇಲಿನ ಬಳಕೆ ಬಣ್ಣವಾಗಿ ಮಾಗುತ್ತದೆ.

ಒಂದು ವ್ಯಾವಹಾರಿಕ ಮಾತು. ಟಾಮ್ ಸಾಯರನ ಕಾಲ ಈಗಿಲ್ಲ. 2001ರ ಸೆಪ್ಟೆಂಬರಿನ ಘಟನೆಯ ಅನಂತರ ವಿಮಾನದೊಳಗೆ ಜೇಬಿನ ಚಾಕು ನಿಷಿದ್ಧ, ಶಾಲೆಗಳಲ್ಲಿಯೂ ಕೂಡದು. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆ. ಇಂಗ್ಲೆಂಡಿನಲ್ಲಿ 1988ರ ಶಾಸನದಂತೆ, ಬೀಗವಿಲ್ಲದ, ಮೂರಂಗುಲಕ್ಕೆ ಮೀರದ ಅಲಗಿನ ಮಡಿಚುವ ಚಾಕುವಿಗೆ ಮಾತ್ರ ವಿನಾಯಿತಿ. ಆದುದರಿಂದ ಮಕ್ಕಳಿಗೆ ಚಾಕುವಿನ ಬಳಕೆಯನ್ನು ಕಲಿಸುವುದಾದರೆ ಮನೆಯಲ್ಲಿ, ಹಿರಿಯರ ಕಣ್ಣೆದುರಿನಲ್ಲಿ, ಹಣ್ಣು ಹೆಚ್ಚುವ ಮತ್ತು ಪೆನ್ಸಿಲ್ ಹೆರೆಯುವ ಕೆಲಸದಿಂದ ಆರಂಭಿಸುವುದು ಲೇಸು.

ಕೊನೆಯದಾಗಿ, ಬಳಸಬೇಕೆ ಇಡಬೇಕೆ ಎಂಬ ವಾದಕ್ಕೆ ನಮ್ಮ ಸಂಪ್ರದಾಯದಲ್ಲಿಯೇ ಉತ್ತರವಿದೆ. ಮಹಾನವಮಿಯಂದು ನಾವು ಆಯುಧಪೂಜೆ ಮಾಡುತ್ತೇವೆ. ಕುಡುಗೋಲು, ಉಳಿ, ಈಳಿಗೆಮಣೆ, ಅಡಕತ್ತರಿ ಎಲ್ಲವನ್ನೂ ತೊಳೆದು ಅರಿಸಿನ ಕುಂಕುಮ ಹಚ್ಚುತ್ತೇವೆ. ಅಂದು ಅವುಗಳಿಗೆ ವಿಶ್ರಾಂತಿ. ಮರುದಿನ ವಿಜಯದಶಮಿ, ಅವು ಮತ್ತೆ ಕೆಲಸಕ್ಕೆ ಇಳಿಯುತ್ತವೆ. ವರ್ಷವಿಡೀ ಆಯುಧಪೂಜೆಯಾದರೆ ಬೆಳೆ ಕೊಯ್ಯುವವರು ಯಾರು? ಊರಿನಿಂದ ತಂದ ಅಜ್ಜನ ಅಡಕತ್ತರಿ, ಅಜ್ಜಿಯ ಈಳಿಗೆ ನಮ್ಮಲ್ಲಿ ಅನೇಕರ ಮನೆಯ ಗಾಜಿನ ಬೀರುವಿನಲ್ಲಿವೆ. ಅವುಗಳ ಹಿಡಿಯ ಮೇಲಿನ ನುಣುಪು ಹಿರಿಯರ ಕೈಗಳು ಬಿಟ್ಟುಹೋದದ್ದು. ಮೊಮ್ಮಕ್ಕಳ ಕೈಗಳೂ ಅದಕ್ಕೆ ಸ್ವಲ್ಪ ಸೇರಿಸಲಿ.