ಇಟಾಸ್ಕಾ: ಕಟ್ಟಿದ ಉಗಮ

ಮಿಸಿಸಿಪಿ ನದಿಯ ಉಗಮವೆಂದು ಭೂಪಟಗಳಲ್ಲಿ ಗುರುತಿಸಲಾಗುವ ಇಟಾಸ್ಕಾ ಸರೋವರವು ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರಭಾಗದಲ್ಲಿದ್ದು, ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರು ಅದನ್ನು ಎಲ್ಕ್ ಎಂಬ ದೊಡ್ಡ ಜಿಂಕೆಯ ಹೆಸರಿನಿಂದ ಕರೆಯುತ್ತಿದ್ದರು. 1832ರಲ್ಲಿ ಓಜಾವಿಂಡಿಬ್ ಎಂಬ ಒಜಿಬ್ವೆ ಮುಖಂಡನು ದಾರಿ ತೋರಿಸಿ ಕರೆದೊಯ್ದ ಹೆನ್ರಿ ಸ್ಕೂಲ್‌ಕ್ರಾಫ್ಟನು, ಲ್ಯಾಟಿನ್ನಿನಲ್ಲಿ ಸತ್ಯ ಮತ್ತು ತಲೆ ಎಂಬರ್ಥದ ‘ವೆರಿಟಾಸ್’, ‘ಕಾಪುಟ್’ ಪದಗಳನ್ನು ಜೋಡಿಸಿ, ಹಿಂದುಮುಂದಿನ ಅಕ್ಷರಗಳನ್ನು ಕತ್ತರಿಸಿ, ನಡುವೆ ಉಳಿದುದನ್ನೇ ಸರೋವರದ ಹೆಸರಾಗಿಸಿದನು. ದಾರಿ ಬಲ್ಲವನು ಮರೆಗೆ ಸರಿದು, ಹೆಸರಿಟ್ಟವನು ಶೋಧಕನೆನಿಸಿಕೊಂಡನು.

ಸರೋವರದ ಸುತ್ತಲಿನ ಕಾಡಿನ ಕೆಂಪು ಮತ್ತು ಬಿಳಿ ಪೈನ್ ಮರಗಳು ಕೊಡಲಿಗೆ ಬಲಿಯಾಗುತ್ತಿದ್ದುದನ್ನು ಕಂಡ ಸರ್ವೇಕಾರ ಜೇಕಬ್ ಬ್ರೋವರನ ಒತ್ತಾಯದಿಂದ, 1891ರಲ್ಲಿ ರಾಜ್ಯದ ಶಾಸನಸಭೆಯು ಕೇವಲ ಒಂದು ಮತದ ಅಂತರದಲ್ಲಿ ಇಟಾಸ್ಕಾವನ್ನು ರಾಜ್ಯ ಉದ್ಯಾನವೆಂದು, ಅಂದರೆ ಒಕ್ಕೂಟ ಸರ್ಕಾರದ ಬದಲು ರಾಜ್ಯವೇ ನೋಡಿಕೊಳ್ಳುವ ಸಾರ್ವಜನಿಕ ವನವೆಂದು, ಘೋಷಿಸಿತು. ಘೋಷಣೆಯೇನೋ ಆಯಿತು, ಆದರೆ ಒಳಗಿನ ಬಹಳಷ್ಟು ನೆಲವು ರೈಲ್ವೆ ಮತ್ತು ಮರದ ಕಂಪನಿಗಳ ಕೈಯಲ್ಲೇ ಇದ್ದುದರಿಂದ ಮರ ಕಡಿಯುವುದು ನಿಲ್ಲಲಿಲ್ಲ. ದಿಮ್ಮಿಗಳನ್ನು ತೇಲಿಸಿ ಸಾಗಿಸಲು ಕಟ್ಟಿದ ಒಡ್ಡಿನಿಂದ ನೀರು ಏರಿ ದಡದ ಮರಗಳು ಮುಳುಗತೊಡಗಿದಾಗ, ತಂದೆಯ ಮರಣಾನಂತರ 1903ರಲ್ಲಿ ಉದ್ಯಾನದ ಕಮಿಷನರ್ ಆಗಿದ್ದ 24 ವರ್ಷದ ಮೇರಿ ಗಿಬ್ಸ್, ಬಂದೂಕು ಹಿಡಿದು ನಿಂತ ಮರಕಡಿಯುವವರ ಬೆದರಿಕೆಯನ್ನೂ ಲೆಕ್ಕಿಸದೆ, ತೂಬು ತೆರೆಸಲು ಮುಂದಾದಳು. ಆಕೆಯ ಅಧಿಕಾರ ಕೆಲವೇ ತಿಂಗಳದ್ದಾದರೂ, ಶಾಸನಸಭೆ ಕಾಗದದ ಮೇಲೆ ಬರೆದುದನ್ನು ನೆಲದ ಮೇಲೆ ನಿಂತು ಕೇಳಿದವಳು ಆಕೆಯೇ.

ಪ್ರವಾಸಿಗರ ತಂಗುಮನೆಯಾದ ಡಗ್ಲಾಸ್ ಲಾಡ್ಜ್ 1905ರಲ್ಲಿ ಎದ್ದಿತು. ಆದರೆ ಉದ್ಯಾನಕ್ಕೆ ಇಂದಿನ ರೂಪ ಬಂದುದು 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ. ಅಧ್ಯಕ್ಷ ರೂಸ್‌ವೆಲ್ಟ್ 1933ರಲ್ಲಿ ಆರಂಭಿಸಿದ ‘ಸಿವಿಲಿಯನ್ ಕನ್ಸರ್ವೇಶನ್ ಕೋರ್’ ಎಂಬ ಯೋಜನೆಯು ನಿರುದ್ಯೋಗಿ ಯುವಕರನ್ನು ಶಿಬಿರಗಳಲ್ಲಿರಿಸಿ, ತಿಂಗಳಿಗೆ 30 ಡಾಲರ್ ಕೂಲಿ ಕೊಟ್ಟು, ಅದರಲ್ಲಿ ಸುಮಾರು 25 ಡಾಲರನ್ನು ಅವರ ಮನೆಗಳಿಗೇ ಕಳುಹಿಸುತ್ತಿತ್ತು. ಅಮೆರಿಕದ ಅನೇಕ ರಾಜ್ಯ ಉದ್ಯಾನಗಳಲ್ಲಿ ಇಂದಿಗೂ ಕಾಣುವ, ದಪ್ಪ ದಿಮ್ಮಿ ಮತ್ತು ಒರಟು ಕಲ್ಲುಗಳಿಂದ ಕಟ್ಟಿದ, ಕಾಡಿನೊಳಗಿಂದಲೇ ಎದ್ದಂತೆ ತೋರುವ ಮನೆಗಳು ಇಂಥ ಯುವಕರ ಕೈಕೆಲಸವೇ. ಇಟಾಸ್ಕಾದ ‘ಓಲ್ಡ್ ಟೈಮರ್ಸ್ ಕ್ಯಾಬಿನ್’ ಅವುಗಳಲ್ಲೊಂದು.

ನದಿಯ ಉಗಮವೂ ಈ ಕಟ್ಟುವ ಕೆಲಸಕ್ಕೆ ಹೊರತಾಗಲಿಲ್ಲ. ಹಿಂದೆ ಮರಕಡಿತದಿಂದ ಕೆಟ್ಟು, ಕೆಸರುಗದ್ದೆಯಂತಾಗಿದ್ದ ಸರೋವರದ ಬಾಯಿಯನ್ನು ಅದೇ ದಶಕದಲ್ಲಿ ತೆರವುಗೊಳಿಸಿ, ಕಾಲುವೆಯನ್ನು ತಿದ್ದಿ, ಕೆಳಗೆ ಕಾಂಕ್ರೀಟ್ ತಡೆಯನ್ನು ಹಾಕಿ ಅದನ್ನು ಬಂಡೆಗಳಿಂದ ಮರೆಮಾಡಲಾಯಿತು. ಪೈನ್ ಮರಗಳಡಿ ಡೇರೆ ಹೂಡಿ ರಾತ್ರಿ ಕಳೆದ ಕುಟುಂಬಗಳು ಬೆಳಿಗ್ಗೆ ಚಪ್ಪಲಿ ಕಳಚಿ, ಮಕ್ಕಳ ಕೈಹಿಡಿದು ಮಿಸಿಸಿಪಿಯನ್ನು ದಾಟುವುದು ಆ ಬಂಡೆಗಳ ಮೇಲೆಯೇ.